ಪುಂಡಿ: ಎಲೆ ಪಲ್ಲೆಗೆ, ನಾರು ಹಗ್ಗಕ್ಕೆ

ಮಿರಗದ ಮಳೆ ಬಿದ್ದು ತೊಗರಿ, ಸಜ್ಜೆ ಬಿತ್ತುವ ಹೊತ್ತಿಗೆ ಹೊಲದ ಅಂಚಿಗೆ ಒಂದೆರಡು ಸಾಲು ಪುಂಡಿ ಹಾಕುವುದು ವಿಜಯಪುರ, ಬಾಗಲಕೋಟೆ ಕಡೆ ಹಳೆಯ ರೂಢಿ. ಬೆಳಗಾವಿ ಸೀಮೆಯ ಮರಾಠಿ ಮನೆಗಳಲ್ಲಿ ಇದಕ್ಕೇ ಅಂಬಾಡಿ ಎನ್ನುತ್ತಾರೆ. ಸೊಪ್ಪು ಇವತ್ತಿಗೂ ಸಂತೆಗೆ ಬರುತ್ತದೆ, ಪಲ್ಲೆ ಇವತ್ತಿಗೂ ಒಲೆಯ ಮೇಲಿದೆ. ಆದರೆ ಆ ಗಿಡದ ಇನ್ನೊಂದು ಬೆಳೆಯಾದ ನಾರನ್ನು ತೆಗೆಯುವ ಕೈಗಳು ಕಡಿಮೆಯಾಗಿವೆ. ಸೊಪ್ಪು ಮುಗಿದ ಮೇಲೆ ಕೋಲು ಹೊಲದಲ್ಲೇ ಒಣಗಿ ಉರುವಲಾಗುತ್ತದೆ. ಅದೇ ಕೋಲಿನ ತೊಗಟೆಯಲ್ಲಿ ಎತ್ತು ಕಟ್ಟುವ ಹಗ್ಗ, ಹೊರಸಿನ ಹುರಿ, ನೆಲುವು ಎಲ್ಲವೂ ಇವೆ. ನಾರು ತೆಗೆಯುವ ಕೆಲಸಕ್ಕೆ ಯಂತ್ರ ಬೇಡ, ಖರ್ಚೂ ಹೆಚ್ಚಿಲ್ಲ. ಬೇಕಾದದ್ದು ಎರಡು ದಿನಗಳನ್ನು ಸರಿಯಾಗಿ ಗುರುತಿಸುವುದು: ಕೋಲು ಕೊಯ್ಯುವ ದಿನ, ನೀರಿನಿಂದ ಎತ್ತುವ ದಿನ. ಕೆಟ್ಟ ನಾರಿನ ಹಿಂದೆ ಬಹುಪಾಲು ಈ ಎರಡರಲ್ಲಿ ಒಂದು ತಪ್ಪಿರುತ್ತದೆ.

ಯಾವ ಪುಂಡಿ

ಪುಂಡಿ ಎಂಬ ಒಂದೇ ಹೆಸರಿನಲ್ಲಿ ಎರಡು ಗಿಡಗಳಿವೆ. ಒಂದು ಹಸಿರು ಕಾಂಡದ್ದು, ಸಸ್ಯಶಾಸ್ತ್ರದಲ್ಲಿ ಹಿಬಿಸ್ಕಸ್ ಕ್ಯಾನಬಿನಸ್. ಮೇಲಿನ ಎಲೆಗಳು ಬೆರಳು ಬಿಡಿಸಿದ ಅಂಗೈಯಂತೆ ಸೀಳಿರುತ್ತವೆ. ಕಾಂಡದ ಮೇಲೆ ಸಣ್ಣ ಮುಳ್ಳುಗಳಿದ್ದು, ಬರಿಗೈಯಲ್ಲಿ ಎಳೆದರೆ ಚುಚ್ಚುತ್ತವೆ. ಹೂವು ತಿಳಿ ಹಳದಿ, ನಡುವೆ ಕಡುಗೆಂಪು ಕಣ್ಣು. ಇನ್ನೊಂದು ಕೆಂಪು ಪುಂಡಿ, ಹಿಬಿಸ್ಕಸ್ ಸಬ್ದಾರಿಫಾ. ಇದರ ಕಾಂಡ ಮತ್ತು ಎಲೆಯ ತೊಟ್ಟು ಕೆಂಪು, ಹುಳಿ ಹೆಚ್ಚು. ಕಾಯಿಯ ಸುತ್ತ ದಪ್ಪ ಕೆಂಪು ದಳಗಳಂಥ ಹೊದಿಕೆ ಬರುತ್ತದೆ. ಪಲ್ಲೆಗೆ ಎರಡೂ ಆಗುತ್ತವೆ. ಮನೆಯ ಹಿತ್ತಲಲ್ಲಿ ಬೆಳೆಯುವ ಕೆಂಪು ಪುಂಡಿ ಪೊದೆಯಂತೆ ಟಿಸಿಲೊಡೆಯುವುದರಿಂದ ಉದ್ದ ನಾರು ಸಿಗುವುದಿಲ್ಲ. ಹಗ್ಗಕ್ಕಾಗಿ ಬಿತ್ತುವವರು ನೆಟ್ಟಗೆ ಬೆಳೆಯುವ ಹಸಿರು ಪುಂಡಿಯನ್ನೇ ಆರಿಸಬೇಕು.

ಬಿತ್ತನೆ

ಪುಂಡಿ ದಿನದ ಬೆಳಕಿನ ಉದ್ದವನ್ನು ನೋಡಿ ಹೂ ಬಿಡುವ ಗಿಡ. ಹಗಲು ಸಣ್ಣದಾಗುತ್ತ ಬಂದಂತೆ, ಗಿಡ ಎಷ್ಟೇ ಎತ್ತರ ಇರಲಿ, ಹೂವಿಗೆ ತಿರುಗುತ್ತದೆ. ಹೂ ಬಂದ ಮೇಲೆ ಉದ್ದ ಬೆಳೆಯುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಆದ್ದರಿಂದ ಮಿರಗ ಅಥವಾ ಆರಿದ್ರಾ ಮಳೆಗೆ, ಅಂದರೆ ಜೂನ್ ತಿಂಗಳೊಳಗೆ ಬಿತ್ತಿದರೆ ಆಳೆತ್ತರ ಮೀರಿ ಬೆಳೆಯುತ್ತದೆ. ಅದೇ ಬೀಜವನ್ನು ಆಗಸ್ಟಿನಲ್ಲಿ ಹಾಕಿ ನೀರು ಕಟ್ಟಿದರೂ ಸೊಂಟದೆತ್ತರಕ್ಕೆ ಹೂ ಬಿಟ್ಟು ಕೂರುತ್ತದೆ. ಸೊಪ್ಪಿಗಾದರೆ ಅದು ನಡೆಯುತ್ತದೆ, ನಾರಿಗೆ ನಡೆಯುವುದಿಲ್ಲ.

ಅಕ್ಕಡಿಯಾಗಿ ಹಾಕುವವರು ಆರೆಂಟು ಸಾಲು ತೊಗರಿಗೋ ಶೇಂಗಾಕ್ಕೋ ಒಂದು ಸಾಲು ಪುಂಡಿ ಬಿಡುತ್ತಾರೆ. ಎಕರೆಗೆ ಅರ್ಧದಿಂದ ಒಂದು ಕಿಲೋ ಬೀಜ ಸಾಕು. ಆದರೆ ಅಕ್ಕಡಿಯಲ್ಲಿ ಗಿಡಕ್ಕೆ ಜಾಗ ಹೆಚ್ಚು ಸಿಗುವುದರಿಂದ ಟಿಸಿಲು ಬರುತ್ತದೆ, ಟಿಸಿಲು ಇದ್ದಲ್ಲಿ ನಾರು ಹರಿಯುತ್ತದೆ. ಹಗ್ಗವೇ ಮುಖ್ಯವಾದರೆ ಬೇರೆಯಾಗಿ ಒಂದು ಗುಂಟೆ ಜಾಗ ಮಾಡಿ, 120ರಿಂದ 150 ಗ್ರಾಂ ಬೀಜವನ್ನು ಒಂದಡಿ ಅಂತರದ ಸಾಲಿನಲ್ಲಿ 2ರಿಂದ 3 ಸೆಂಟಿಮೀಟರ್ ಆಳಕ್ಕೆ ಒತ್ತಾಗಿ ಬಿತ್ತಿ. ಮೂರು ವಾರಕ್ಕೆ ಗಿಡದಿಂದ ಗಿಡಕ್ಕೆ ನಾಲ್ಕು ಬೆರಳು ಬಿಟ್ಟು ಉಳಿದದ್ದನ್ನು ಕಿತ್ತು ತೆಗೆಯಿರಿ. ಕಿತ್ತ ಎಳೆ ಸಸಿ ನೇರವಾಗಿ ಅಡುಗೆಮನೆಗೆ ಹೋಗಲಿ, ಅದಕ್ಕಿಂತ ಮೆತ್ತಗಿನ ಪುಂಡಿ ಸೊಪ್ಪು ಮುಂದೆ ಸಿಗದು. ಒತ್ತಾಗಿ ನಿಂತ ಗಿಡಗಳು ಬೆಳಕಿಗಾಗಿ ಮೇಲಕ್ಕೇ ಓಡುತ್ತವೆ, ಕೋಲು ಹೆಬ್ಬೆರಳ ದಪ್ಪದೊಳಗೇ ಉಳಿಯುತ್ತದೆ. ನಾರಿಗೆ ಬೇಕಾದ ಕೋಲು ಅದೇ.

ಎರೆ ಹೊಲದಲ್ಲಿ ಎರಡು ಸಂಗತಿ ಕಾಡುತ್ತವೆ. ಬಿತ್ತಿದ ಮರುದಿನ ಜೋರು ಮಳೆ ಹೊಡೆದು ಮೇಲೆ ಬಿಸಿಲು ಬಿದ್ದರೆ ಮಣ್ಣು ಹೆಪ್ಪುಗಟ್ಟಿ ಮೊಳಕೆ ಮೇಲೇಳುವುದಿಲ್ಲ. ಮುಳ್ಳಿನ ಕಂಟಿಯನ್ನು ಹಗುರವಾಗಿ ಎಳೆದು ಹೆಪ್ಪು ಒಡೆಯಬೇಕು. ಎರಡನೆಯದು ನೀರು ನಿಲ್ಲುವುದು. ಎಳೆಯ ಪುಂಡಿ ನಾಲ್ಕು ದಿನ ನೀರಲ್ಲಿ ನಿಂತರೆ ಬುಡ ಕೊಳೆಯುತ್ತದೆ, ಆದ್ದರಿಂದ ತಗ್ಗಿನ ಮೂಲೆ ಬೇಡ, ಒಡ್ಡಿನ ಪಕ್ಕದ ಏರಿನ ಕಡೆ ಇರಲಿ. ಹತ್ತಿ ಮತ್ತು ಬೆಂಡಿಯ ಮಗ್ಗುಲಿಗೂ ಹಾಕಬೇಡಿ. ಮೂರೂ ಒಂದೇ ಸಸ್ಯ ಕುಟುಂಬದವು, ಹಿಟ್ಟು ತಿಗಣೆ ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತದೆ. ತುದಿಯ ಎಲೆಗಳು ಮುದುಡಿ ಗೊಂಚಲಾಗಿ, ಅದರೊಳಗೆ ಬಿಳಿ ಹಿಟ್ಟಿನಂಥದ್ದು ಕಂಡು, ಇರುವೆ ಹತ್ತತೊಡಗಿದರೆ ಆ ತುದಿಯನ್ನು ಕಿತ್ತು ಸುಡಿ. ತುದಿ ಹೋದ ಗಿಡ ನಾರಿಗೆ ಆಗಲಿಕ್ಕಿಲ್ಲ, ಪಕ್ಕದ ಗಿಡ ಉಳಿಯುತ್ತದೆ.

ಸೊಪ್ಪು ಕೀಳುವಾಗ

ಸೊಪ್ಪಿನವರಿಗೂ ನಾರಿನವರಿಗೂ ಜಗಳ ಬರುವುದು ಇಲ್ಲಿ. ಕುಡಿ ಚಿವುಟಿದರೆ ಸೊಪ್ಪು ಮತ್ತೆ ಮತ್ತೆ ಬರುತ್ತದೆ, ಆದರೆ ಗಿಡ ಕವಲೊಡೆಯುತ್ತದೆ. ಆದ್ದರಿಂದ ಸಾಲಿನ ಎರಡು ತುದಿಯ ನಾಲ್ಕೈದು ಮಾರು ಸೊಪ್ಪಿಗೆಂದು ಬಿಟ್ಟುಬಿಡಿ, ಅಲ್ಲಿ ಬೇಕಾದಷ್ಟು ಚಿವುಟಲಿ. ನಡುವಿನ ಗಿಡಗಳ ಕೆಳಗಿನ ಎಲೆ ಮಾತ್ರ ತೊಟ್ಟು ಸಮೇತ ಕೀಳಬಹುದು. ಕುಡಿ ಮುಟ್ಟಬಾರದು, ತೊಗಟೆ ಸುಲಿಯಬಾರದು.

ಪಲ್ಲೆಯ ವಿಷಯ ಬಂದ ಮೇಲೆ ಅದನ್ನೂ ಹೇಳಿಬಿಡಬೇಕು. ಬಿಡಿಸಿದ ಸೊಪ್ಪು ಕಾಲು ಕಿಲೋ, ಜೋಳದ ನುಚ್ಚು ನಾಲ್ಕು ಚಮಚ, ತೊಗರಿ ಬೇಳೆ ಎರಡು ಚಮಚ, ಹಸಿಮೆಣಸಿನಕಾಯಿ ಎಂಟು, ಬೆಳ್ಳುಳ್ಳಿ ಹನ್ನೆರಡು ಎಸಳು, ಶೇಂಗಾ ಎಣ್ಣೆ ಮೂರು ಚಮಚ, ಸಾಸಿವೆ, ಜೀರಿಗೆ, ಅರಿಶಿನ, ಉಪ್ಪು. ನುಚ್ಚನ್ನು ಅರ್ಧ ಗಂಟೆ ನೆನೆಸಿ, ಬೇಳೆಯ ಜೊತೆ ಬೇರೆ ಪಾತ್ರೆಯಲ್ಲೇ ಮೆತ್ತಗೆ ಬೇಯಿಸಿ. ಹುಳಿಯಲ್ಲಿ ಬೇಳೆ ಬೇಯುವುದಿಲ್ಲ. ಸೊಪ್ಪಿನ ಜೊತೆಗೇ ಹಾಕಿದರೆ ಒಂದು ಗಂಟೆ ಕುದಿಸಿದರೂ ಬೇಳೆ ಹಲ್ಲಿಗೆ ಸಿಗುತ್ತದೆ. ಸೊಪ್ಪನ್ನು ಮೆಣಸಿನಕಾಯಿಯ ಜೊತೆ ಒಂದು ಬಟ್ಟಲು ನೀರಿನಲ್ಲಿ ಬೇಯಿಸಬೇಕು. ಬಲಿತ ಎಲೆಯೋ ಕೆಂಪು ಪುಂಡಿಯೋ ಆಗಿದ್ದರೆ ಮೊದಲ ಕುದಿಯ ನೀರನ್ನು ಚೆಲ್ಲಿ ಹಿಂಡಿ, ಇಲ್ಲವಾದರೆ ಹುಳಿಗೆ ಹಲ್ಲು ಜುಮ್ಮೆನ್ನುತ್ತದೆ. ಎಲೆಯಲ್ಲಿ ಆಕ್ಸಾಲಿಕ್ ಆಮ್ಲ ಇರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಾಗಿದ್ದವರು ವೈದ್ಯರನ್ನು ಕೇಳಿ ಉಣ್ಣಬೇಕು. ಬೆಂದ ಸೊಪ್ಪು, ನುಚ್ಚು, ಬೇಳೆ ಮೂರನ್ನೂ ಕೂಡಿಸಿ ಉಪ್ಪು, ಅರಿಶಿನ ಹಾಕಿ ಕಡಗೋಲಿನಿಂದ ಮಸೆದು, ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಕೆಂಪಗಾಗುವಂತೆ ಒಗ್ಗರಣೆ ಕೊಡಿ. ಗಡಿಗೆಯಲ್ಲೋ ಸ್ಟೀಲಿನಲ್ಲೋ ಮಾಡಬೇಕು. ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಬೇಡ, ಹುಳಿ ಲೋಹವನ್ನು ಬಿಡಿಸುತ್ತದೆ. ಬಿಸಿ ರೊಟ್ಟಿಗೆ ಅವತ್ತೇ ಚೆನ್ನ, ಮರುದಿನ ಇನ್ನೂ ಚೆನ್ನ. ಎಳ್ಳಮಾವಾಸ್ಯೆಯ ಬುತ್ತಿಯಲ್ಲಿ ಸಜ್ಜೆ ರೊಟ್ಟಿಯ ಮಗ್ಗುಲಿಗೆ ಈ ಪಲ್ಲೆ ಇರದ ಮನೆ ಈ ಭಾಗದಲ್ಲಿ ಅಪರೂಪ.

ಕೊಯ್ಯುವ ದಿನ

ಜೂನಿನಲ್ಲಿ ಬಿತ್ತಿದ ಪುಂಡಿ ಉತ್ತರಿ, ಹಸ್ತ ಮಳೆಯ ಹೊತ್ತಿಗೆ ಮೊಗ್ಗು ಹಿಡಿಯುತ್ತದೆ. ಸಾಲಿನ ಅರ್ಧದಷ್ಟು ಗಿಡಗಳಲ್ಲಿ ಹೂ ಕಂಡ ವಾರವೇ ಕೊಯ್ಲಿನ ವಾರ. ಅದಕ್ಕೂ ಮೊದಲೇ ಕೊಯ್ದರೆ ನಾರು ರೇಷ್ಮೆಯಂತೆ ಮೆತ್ತಗಿರುತ್ತದೆ, ಆದರೆ ತೂಕ ಬರುವುದಿಲ್ಲ, ಎಳೆದರೆ ತಡೆಯುವುದಿಲ್ಲ. ಕಾಯಿ ಕಟ್ಟಿ ಬೀಜ ಬಲಿಯುವ ತನಕ ಬಿಟ್ಟರೆ ತೊಗಟೆ ಕಟ್ಟಿಗೆಗೆ ಅಂಟಿಕೊಂಡು ಬಿರುಸಾಗುತ್ತದೆ. ಅದು ಕೊಳೆಯಲು ಹೆಚ್ಚು ದಿನ ಬೇಕು, ಬಂದ ನಾರೂ ಒರಟು. ಬೀಜವೂ ಬೇಕು, ನಾರೂ ಬೇಕು ಎಂದು ಎಲ್ಲ ಗಿಡಗಳನ್ನೂ ಡಿಸೆಂಬರಿನ ತನಕ ನಿಲ್ಲಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಬೀಜಕ್ಕೆ ಹತ್ತು ಗಿಡ ಬಿಡಿ, ಸಾಕು.

ಕುಡಗೋಲಿನಿಂದ ನೆಲಕ್ಕೆ ಹತ್ತಿ ಕೊಯ್ಯಬೇಕು. ಬುಡದ ಒಂದು ಗೇಣಿನಲ್ಲಿ ನಾರು ದಪ್ಪಗಿರುತ್ತದೆ, ಎತ್ತರಕ್ಕೆ ಕೊಯ್ದರೆ ಅದು ಹೊಲದಲ್ಲೇ ಉಳಿಯುತ್ತದೆ. ಪೂರ್ಣ ತೋಳಿನ ಅಂಗಿ ಹಾಕಿ, ಕೈಗೆ ಗೋಣಿತಟ್ಟಿನ ತುಂಡು ಸುತ್ತಿಕೊಳ್ಳಿ. ದಪ್ಪ ಕೋಲು ಬೇರೆ, ಸಣ್ಣ ಕೋಲು ಬೇರೆ ಸಿವುಡು ಕಟ್ಟಿ. ಎರಡೂ ಒಂದೇ ದಿನಕ್ಕೆ ಕೊಳೆಯುವುದಿಲ್ಲ. ಸಣ್ಣದು ಹದಕ್ಕೆ ಬಂದಾಗ ದಪ್ಪದು ಹಸಿಯಾಗಿರುತ್ತದೆ, ದಪ್ಪದು ಬಂದಾಗ ಸಣ್ಣದು ಕರಗಿರುತ್ತದೆ. ಸಿವುಡು ಒಂದು ಗೇಣು ಅಡ್ಡಳತೆಗಿಂತ ದಪ್ಪ ಬೇಡ, ನಡುವಿನ ಕೋಲುಗಳಿಗೆ ನೀರು ಮುಟ್ಟಬೇಕು. ಎರಡು ಮೂರು ದಿನ ಹೊಲದಲ್ಲೇ ನಿಲ್ಲಿಸಿಟ್ಟರೆ ಎಲೆ ತಾನಾಗಿ ಉದುರಿ ಮಣ್ಣಿಗೆ ಗೊಬ್ಬರವಾಗುತ್ತದೆ. ಎಲೆ ಸಮೇತ ನೀರಿಗೆ ಹಾಕಿದರೆ ನಾರು ಕಪ್ಪಾಗುತ್ತದೆ. ನಾಲ್ಕು ದಿನ ಮೀರಿ ಬಿಸಿಲಲ್ಲಿ ಬಿಟ್ಟರೆ ತೊಗಟೆ ಒಣಗಿ ಕಟ್ಟಿಗೆಗೆ ಹಿಡಿದುಕೊಳ್ಳುತ್ತದೆ, ಅದನ್ನು ಮತ್ತೆ ಹದಕ್ಕೆ ತರುವುದು ಕಷ್ಟ.

ಕೊಳೆ ಹಾಕುವುದು

ಇಲ್ಲಿ ಕೆಲಸ ಮಾಡುವುದು ನೀರಿನ ಸೂಕ್ಷ್ಮಜೀವಿಗಳು. ನಾರನ್ನು ಕಟ್ಟಿಗೆಗೆ ಅಂಟಿಸಿರುವ ಪೆಕ್ಟಿನ್ ಎಂಬ ಅಂಟನ್ನು ಅವು ತಿನ್ನುತ್ತವೆ. ಅಂಟು ಮುಗಿದ ಮೇಲೂ ಕೋಲು ನೀರಲ್ಲೇ ಇದ್ದರೆ ಅವು ನಾರಿಗೇ ಬಾಯಿ ಹಾಕುತ್ತವೆ. ಅದಕ್ಕೇ ಎತ್ತುವ ದಿನ ಅಷ್ಟು ಮುಖ್ಯ.

ಹಿಂದೆ ಹಳ್ಳದ ಮಡುವಿನಲ್ಲಿ ಹಾಕುತ್ತಿದ್ದರು. ಈಗ ಹಾಗೆ ಮಾಡಬಾರದು. ಕೊಳೆತ ನೀರಿನಲ್ಲಿ ಉಸಿರುಗಾಳಿ ಇರುವುದಿಲ್ಲ, ಮೀನು ಸಾಯುತ್ತವೆ, ದನ ಕುಡಿಯುವಂತಿಲ್ಲ, ವಾಸನೆ ಊರಿಗೇ ಬರುತ್ತದೆ. ಮೀನು ಬಿಟ್ಟ ಕೃಷಿ ಹೊಂಡವೂ ಬೇಡ. ಮನೆಯ ಮಟ್ಟಿಗೆ ಒಂದು ತಗ್ಗು ಸಾಕು: ಉದ್ದ ಎಂಟೂಕಾಲು ಅಡಿ, ಅಗಲ ಎರಡಡಿ, ಆಳ ಎರಡಡಿ. ಒಳಗೆ ತೂತಿಲ್ಲದ ತಾಡಪತ್ರಿ ಹಾಸಿ ಒಂದೂಮುಕ್ಕಾಲು ಅಡಿ ನೀರು ತುಂಬಿದರೆ ಸುಮಾರು 800 ಲೀಟರ್ ಹಿಡಿಯುತ್ತದೆ. ಒಂದು ಕಿಲೋ ಹಸಿ ಕೋಲಿಗೆ 20 ಲೀಟರ್ ನೀರು ಲೆಕ್ಕ. ಈ ತಗ್ಗಿಗೆ 35ರಿಂದ 40 ಕಿಲೋ ಕೋಲು ಹಾಕಬಹುದು, ದಪ್ಪದ ಮೇಲೆ ನೂರೈವತ್ತರಿಂದ ಇನ್ನೂರು ಕೋಲು. ಇದಕ್ಕಿಂತ ತುರುಕಿದರೆ ನೀರು ಬೇಗ ಹುಳಿಯಾಗಿ ಕೊಳೆಯುವುದೇ ನಿಧಾನವಾಗುತ್ತದೆ.

ಮೊದಲ ಎರಡು ದಿನ ಸಿವುಡುಗಳ ಬುಡ ಮಾತ್ರ ಒಂದಡಿ ನೀರಲ್ಲಿ ಮುಳುಗುವಂತೆ ನಿಲ್ಲಿಸಿ. ಬುಡ ದಪ್ಪವಾದ್ದರಿಂದ ತುದಿಗಿಂತ ತಡವಾಗಿ ಕೊಳೆಯುತ್ತದೆ, ಅದಕ್ಕೆ ಎರಡು ದಿನ ಮುಂಚಿತವಾಗಿ ಅವಕಾಶ ಕೊಟ್ಟಂತೆ. ಆಮೇಲೆ ಒಂದು ಸಿವುಡಿನ ಬುಡದ ಕಡೆ ಇನ್ನೊಂದರ ತುದಿ ಬರುವಂತೆ ಅಡ್ಡ ಮಲಗಿಸಿ ಮೇಲೆ ಕಲ್ಲು ಹೇರಿ. ನೀರು ಸಿವುಡಿನ ಮೇಲೆ ನಾಲ್ಕು ಬೆರಳಾದರೂ ನಿಲ್ಲಬೇಕು. ಭಾರಕ್ಕೆ ಎರೆ ಮಣ್ಣಿನ ಹೆಂಟೆ, ಬಾಳೆ ದಿಂಡು, ಹಸಿ ಕಟ್ಟಿಗೆ ಇಡಬೇಡಿ. ಅವುಗಳ ಒಗರು ನಾರಿಗೆ ಇಳಿದು ಕಪ್ಪು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣವೂ ಹಾಗೆಯೇ. ಹಿಂದಿನ ಸಲದ ಕೊಳೆ ನೀರು ಒಂದು ಕೊಡ ಇದ್ದರೆ ಸುರಿಯಿರಿ, ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ಬೇಗ ಹತ್ತುತ್ತದೆ. ಡೋಣಿ ನದಿ ಸಾಲಿನ ಸವಳು ನೀರು ಬಿಟ್ಟು ಬೇರೆ ಇಲ್ಲವೆಂದರೆ ಅದರಲ್ಲೇ ಹಾಕಬೇಕಾದೀತು. ಆದರೆ ಕಡೆಯ ತೊಳೆತ ಮಾತ್ರ ಸಿಹಿ ನೀರಲ್ಲಿ ಆಗಲಿ. ಉಪ್ಪು ಉಳಿದ ನಾರು ಮಳೆಗಾಲದಲ್ಲಿ ಗಾಳಿಯ ತೇವ ಎಳೆದುಕೊಂಡು ಬೂಸಲು ಹಿಡಿಯುತ್ತದೆ.

ಅಕ್ಟೋಬರಿನ ಬೆಚ್ಚನೆ ನೀರಿನಲ್ಲಿ 10ರಿಂದ 14 ದಿನ. ದೀಪಾವಳಿ ದಾಟಿ ರಾತ್ರಿ ಚಳಿ ಬಿದ್ದರೆ 20 ದಿನವೂ ಹಿಡಿದೀತು. ದಿನ ಎಣಿಸುವುದು ಅಂದಾಜಿಗೆ ಮಾತ್ರ, ನಿಜವಾದ ಅಳತೆ ಕೈಯಲ್ಲಿದೆ. ಎಂಟನೆಯ ದಿನದಿಂದ ದಿನಾ ಬೆಳಗ್ಗೆ ನಡುವಿನ ಸಿವುಡಿನಿಂದ ಒಂದು ಕೋಲು ಎಳೆದು ನೋಡಿ. ಬುಡದಿಂದ ಒಂದು ಮೊಳ ಮೇಲೆ ಹೆಬ್ಬೆರಳಿಟ್ಟು ಒತ್ತಿ ಜಾರಿಸಿ. ಹದಕ್ಕೆ ಬಾರದಿದ್ದರೆ ಸಿಪ್ಪೆ ಮಾತ್ರ ಕೆತ್ತಿ ಬಂದು ಬೆರಳಿಗೆ ಹಸಿರು ಹತ್ತುತ್ತದೆ. ಹದಕ್ಕೆ ಬಂದಿದ್ದರೆ ನಾರು ಇಡೀ ಪಟ್ಟಿಯಾಗಿ ಬಿಳಿ ಕಟ್ಟಿಗೆಯಿಂದ ಜಾರಿ ಎದ್ದು ಬರುತ್ತದೆ, ಕಟ್ಟಿಗೆ ಒರೆಸಿಟ್ಟಂತೆ ನುಣ್ಣಗೆ ಕಾಣುತ್ತದೆ. ಆ ಪಟ್ಟಿಯನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿ. ಹರಿಯಲು ಬಲ ಬೇಕಾದರೆ ಅವತ್ತೇ ಎತ್ತಬೇಕು. ಎಳೆಗಳು ಹತ್ತಿಯಂತೆ ಬಿಟ್ಟು ಬಂದರೆ ಎರಡು ದಿನ ತಡವಾಗಿದೆ. ನಾಳೆ ಜಾತ್ರೆ ಇದೆ, ನಾಡಿದ್ದು ಎತ್ತೋಣ ಎಂದರೆ ಇಡೀ ಬೆಳೆ ಕೈತಪ್ಪುತ್ತದೆ.

ನಾರು ಬಿಡಿಸುವುದು

ಒಂದೊಂದೇ ಕೋಲು ಬಿಡಿಸುವುದು ನಿಧಾನ, ನಾರು ಮಾತ್ರ ಬಲು ಚೊಕ್ಕ. ಹತ್ತು ಹನ್ನೆರಡು ಕೋಲು ಒಟ್ಟಿಗೆ ಬಿಡಿಸುವ ಬಗೆ ಹೀಗೆ: ಬುಡದ ಒಂದು ಮೊಳವನ್ನು ಕಲ್ಲಿನ ಮೇಲಿಟ್ಟು ಕಟ್ಟಿಗೆಯ ಕೊಡತಿಯಿಂದ ಹಗುರವಾಗಿ ಬಡಿಯಿರಿ, ನಾರು ಸಡಿಲಾಗುತ್ತದೆ. ಅದೇ ಮೊಳದಲ್ಲಿ ಕೋಲು ಮುರಿದು ಬುಡದ ತುಂಡುಗಳನ್ನು ಉದುರಿಸಿ. ಈಗ ಕೈಗೆ ಬಂದ ನಾರಿನ ತುದಿಯನ್ನು ಮುಷ್ಟಿಗೆ ಸುತ್ತಿಕೊಂಡು, ಉಳಿದ ಕೋಲನ್ನು ನೀರ ಮೇಲೆ ತೇಲಿಬಿಟ್ಟು ಹಿಂದೆ ಮುಂದೆ ಜಗ್ಗಿದರೆ ಕಟ್ಟಿಗೆ ಮುಂದಕ್ಕೆ ಜಾರಿ ಹೊರಬೀಳುತ್ತದೆ. ಚೊಕ್ಕ ನೀರಲ್ಲಿ ಎರಡು ಸಲ ಜಾಲಿಸಿ, ಸಿಪ್ಪೆಯ ಚೂರು ಆರಿಸಿ ತೆಗೆದು, ಹಿಂಡಿ, ಗಳದ ಮೇಲೆ ಹರವಿ. ನೆಲದ ಮೇಲೆ ಒಣಹಾಕಿದರೆ ಮಣ್ಣು ಹತ್ತುತ್ತದೆ, ಹೊಸೆಯುವಾಗ ಆ ಮಣ್ಣೇ ನಾರನ್ನು ಕೊಯ್ಯುತ್ತದೆ. ಎರಡು ಮೂರು ದಿನದಲ್ಲಿ ಒಣಗುತ್ತದೆ.

ಹಸಿ ಕೋಲಿನ ತೂಕದ ನೂರಕ್ಕೆ ಐದಾರು ಪಾಲು ಒಣ ನಾರು. 35 ಕಿಲೋ ಕೋಲಿಗೆ ಎರಡು ಕಿಲೋ ಹತ್ತಿರ, ಬಾಚಿ ತುಂಡು ತೆಗೆದ ಮೇಲೆ ಒಂದೂವರೆ ಕಿಲೋ. ತಗ್ಗಿನ ನೀರನ್ನು ಹಳ್ಳಕ್ಕೆ ಬಿಡದೆ ತಿಪ್ಪೆಗೆ ಸುರಿಯಿರಿ. ಪುಂಡಿ ಕಟ್ಟಿಗೆ ಒಣಗಿದ ಮೇಲೆ ಬೆಂಡಿನಷ್ಟು ಹಗುರ, ಒಲೆ ಹೊತ್ತಿಸಲು ಅದಕ್ಕಿಂತ ಒಳ್ಳೆಯದು ಬೇಡ.

ಹಗ್ಗ

ಶಿವಶರಣ ನುಲಿಯ ಚಂದಯ್ಯನವರ ಊರು ವಿಜಯಪುರ ಜಿಲ್ಲೆಯ ಶಿವಣಗಿ ಎನ್ನುತ್ತಾರೆ. ಕೆರೆಯ ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದದ್ದರಿಂದ ದಾಸೋಹ ನಡೆಸಿದ 12ನೆಯ ಶತಮಾನದ ಶರಣ ಅವರು. ಹೊಸೆಯುವ ಕೈಗೆ ಈ ನೆಲದಲ್ಲಿ ಅಷ್ಟು ಹಳೆಯ ಮಾನವಿದೆ. ಅವರ ಹುಲ್ಲಿಗೂ ನಮ್ಮ ಪುಂಡಿಗೂ ನಿಯಮ ಒಂದೇ: ಎಳೆಯನ್ನು ಒಂದು ದಿಕ್ಕಿಗೆ ಹುರಿ ಮಾಡಬೇಕು, ಎಳೆಗಳನ್ನು ಕೂಡಿಸುವಾಗ ಎದುರು ದಿಕ್ಕಿಗೆ ಸುತ್ತಬೇಕು. ಹುರಿ ಬಿಚ್ಚಿಕೊಳ್ಳಲು ಹೊರಟಾಗ ಸುತ್ತು ಬಿಗಿಯಾಗುತ್ತದೆ, ಸುತ್ತು ಬಿಚ್ಚಲು ಹೊರಟಾಗ ಹುರಿ ಬಿಗಿಯಾಗುತ್ತದೆ. ಒಂದನ್ನೊಂದು ಹಿಡಿದಿಡುವುದರಿಂದಲೇ ಹಗ್ಗ ಹಗ್ಗವಾಗಿ ಉಳಿಯುತ್ತದೆ.

ಸಣ್ಣ ಹುರಿಗೆ ತೊಡೆಯೇ ಸಾಕು. ಮೊದಲು ಹಲಗೆಗೆ ಬಡಿದ ಮೊಳೆಗಳ ಸಾಲಿನಲ್ಲಿ ನಾರನ್ನು ಬಾಚಿ ಮುಳ್ಳಿನ ಚೂರು ತೆಗೆಯಿರಿ. ನೀರು ಚಿಮುಕಿಸಿ ಗೋಣಿಯಲ್ಲಿ ಒಂದು ಗಂಟೆ ಸುತ್ತಿಡಿ. ಒಣ ನಾರು ಜಾರುತ್ತದೆ, ತೀರ ಹಸಿ ನಾರು ಒಣಗಿದ ಮೇಲೆ ಸಡಿಲಾಗುತ್ತದೆ. ಕೈಗೆ ತಂಪು ಹತ್ತಬೇಕು, ಹಿಂಡಿದರೆ ಹನಿ ಬೀಳಬಾರದು. ಕಡ್ಡಿ ದಪ್ಪದ ಎರಡು ಎಳೆಗಳ ತುದಿ ಕೂಡಿಸಿ ಎಡಗೈಯಲ್ಲಿ ಹಿಡಿದು, ಎರಡನ್ನೂ ಒಂದಕ್ಕೊಂದು ತಾಗದಂತೆ ತೊಡೆಯ ಮೇಲೆ ಹರವಿ, ಬಲ ಅಂಗೈಯಿಂದ ಮೊಣಕಾಲಿನ ಕಡೆಗೆ ಒತ್ತಿ ಉರುಳಿಸಿ. ಎರಡೂ ಬೇರೆ ಬೇರೆಯಾಗಿ ಹುರಿಗೊಳ್ಳುತ್ತವೆ. ಬಿಡದೆ ಎರಡನ್ನೂ ಜೋಡಿಸಿ ಅಂಗೈಯನ್ನು ಹಿಂದಕ್ಕೆ ಎಳೆದರೆ ಒಂದರ ಮೇಲೊಂದು ಸುತ್ತಿಕೊಳ್ಳುತ್ತವೆ. ಒಂದು ಎಳೆ ತೆಳುವಾದಾಗ, ಮುಗಿಯಲು ನಾಲ್ಕು ಬೆರಳು ಇರುವಾಗಲೇ ಹೊಸ ನಾರು ಸೇರಿಸಬೇಕು. ಎರಡೂ ಎಳೆಗೆ ಒಂದೇ ಕಡೆ ಸೇರಿಸಿದರೆ ಹಗ್ಗ ಸರಿಯಾಗಿ ಅಲ್ಲೇ ಹರಿಯುತ್ತದೆ.

ಎತ್ತು ಕಟ್ಟುವ ಬೆರಳು ದಪ್ಪದ ಹಗ್ಗಕ್ಕೆ ಮೂರು ಹುರಿ, ಮೂರು ಜನ. ಒಂದು ಹಲಗೆಗೆ ಮೂರು ತೂತು ಕೊರೆದು, ಒಂದು ಕಡೆ ಕೊಕ್ಕೆ, ಇನ್ನೊಂದು ಕಡೆ ಹಿಡಿಕೆ ಬರುವಂತೆ ಬಗ್ಗಿಸಿದ ಸರಳುಗಳನ್ನು ತೂರಿಸಿ, ಹಲಗೆಯನ್ನು ಗಟ್ಟಿ ಗೂಟಕ್ಕೆ ಕಟ್ಟಿದರೆ ರಾಟೆಯಾಯಿತು. ಒಬ್ಬರು ತಿರುಗಿಸಬೇಕು, ಇನ್ನೊಬ್ಬರು ಬಗಲಲ್ಲಿ ನಾರಿನ ಕಟ್ಟು ಇಟ್ಟುಕೊಂಡು, ಎರಡು ಬೆರಳ ನಡುವಿನಿಂದ ನಾರು ಉಣ್ಣಿಸುತ್ತ ಹಿಂದೆ ಹಿಂದೆ ಸರಿಯಬೇಕು. ಹುರಿಯ ದಪ್ಪ ಸಮನಾಗಿ ಬರುವುದು ರಾಟೆಯಿಂದಲ್ಲ, ಈ ಎರಡು ಬೆರಳುಗಳಿಂದ. ಹತ್ತು ಮೊಳದ ಹಗ್ಗಕ್ಕೆ ಹದಿನಾಲ್ಕು ಮೊಳದ ಹುರಿ ಬೇಕು, ಸುತ್ತಿಕೊಂಡಾಗ ಅಷ್ಟು ಕುಗ್ಗುತ್ತದೆ. ಒಂದೊಂದು ಹುರಿಗೆ 150 ಗ್ರಾಂ ನಾರು, ಹಗ್ಗಕ್ಕೆ ಒಟ್ಟು 450 ಗ್ರಾಂ. ಒಂದು ತಗ್ಗಿನ ನಾರಿಗೆ ಇಂಥ ಮೂರು ಹಗ್ಗ ಬರುತ್ತವೆ.

ಹುರಿ ಸಾಕಷ್ಟು ಬಿಗಿಯಾಯಿತೇ ಎಂದು ನೋಡಲು ಸ್ವಲ್ಪ ಸಡಿಲ ಬಿಡಿ. ತಾನಾಗಿಯೇ ತಿರುಚಿಕೊಂಡು ಕುಣಿಕೆ ಹಾಕಿಕೊಂಡರೆ ಆಯಿತು, ಸುಮ್ಮನೆ ಜೋತುಬಿದ್ದರೆ ಇನ್ನೂ ತಿರುಗಿಸಬೇಕು. ಮೂರು ಹುರಿಯ ದೂರದ ತುದಿಗಳನ್ನು ಸಮ ಬಿಗಿಗೆ ತಂದು ಒಂದೇ ಕೊಕ್ಕೆಗೆ ಗಂಟು ಹಾಕಿ. ಸುತ್ತಲೂ ಮೂರು ಗಾಡಿ (ಹುರಿ ಕೂರುವ ತೋಡು) ಕೊರೆದ, ಮಾವಿನಕಾಯಿ ಗಾತ್ರದ ಕಟ್ಟಿಗೆಯ ತುಂಡನ್ನು ಆ ಗಂಟಿನ ಹತ್ತಿರ ಹುರಿಗಳ ನಡುವೆ ಇಡಿ, ಗಾಡಿಗೆ ಒಂದರಂತೆ ಹುರಿ ಕೂರಬೇಕು. ಆ ತುದಿಯ ಕೊಕ್ಕೆ ಹಿಡಿದವರು ಹುರಿಗೆ ಎದುರು ದಿಕ್ಕಿನಲ್ಲಿ ತಿರುಗಿಸಬೇಕು, ರಾಟೆಯವರು ಮೊದಲಿನ ದಿಕ್ಕಿಗೇ ತಿರುಗಿಸುತ್ತಿರಬೇಕು. ರಾಟೆ ನಿಲ್ಲಿಸಿದರೆ ಹುರಿಯ ಬಿಗಿ ಇಳಿದು ಹಗ್ಗ ಪೊಳ್ಳಾಗುತ್ತದೆ. ಮೂರನೆಯವರು ತುಂಡನ್ನು ಹಿಡಿದು, ಹಗ್ಗ ತಳ್ಳಿದಷ್ಟೇ ರಾಟೆಯ ಕಡೆ ಬಿಟ್ಟುಕೊಡುತ್ತ ಹೋಗಬೇಕು. ಅವಸರಕ್ಕೆ ತಾವೇ ಎಳೆದರೆ ಸುತ್ತು ಉದ್ದುದ್ದವಾಗಿ ಹಗ್ಗ ಸಡಿಲಾಗುತ್ತದೆ. ಒಂದು ಹುರಿ ಸಡಿಲವಿದ್ದರೆ ಅದು ಉಳಿದೆರಡರ ಮೇಲೆ ಬಳ್ಳಿಯಂತೆ ಹಬ್ಬುತ್ತದೆ, ಭಾರವೆಲ್ಲ ಆ ಎರಡರ ಮೇಲೇ ಬೀಳುತ್ತದೆ. ಹಾಗಾದರೆ ಅಲ್ಲಿಗೇ ನಿಲ್ಲಿಸಿ, ಬಿಚ್ಚಿ, ಬಿಗಿ ಸರಿಮಾಡಿ. ಮುಂದೆ ಸರಿಹೋದೀತು ಎಂದು ಬಿಡಬೇಡಿ.

ಮುಗಿದ ಹಗ್ಗವನ್ನು ಎರಡು ಮರಗಳ ನಡುವೆ ಬಿಗಿದು ಕಟ್ಟಿ, ಒದ್ದೆ ಗೋಣಿಯಿಂದ ಸುತ್ತಿನ ದಿಕ್ಕಿನಲ್ಲೇ ಉಜ್ಜಿ ಒಂದು ದಿನ ಬಿಡಿ. ಎದ್ದ ಎಳೆಗಳನ್ನು ಕಾಗದದ ಉರಿಯಿಂದ ಸರ್ರನೆ ಸವರಿ ಸುಟ್ಟು, ತುದಿಗಳಿಗೆ ಸಣ್ಣ ಹುರಿ ಸುತ್ತಿ.

ಎಲ್ಲಿಗೆ ಯಾವುದು

ದಾವಣಿ, ಕಣ್ಣಿ, ಹೊರೆ ಕಟ್ಟುವ ಹಗ್ಗ, ಹೊರಸು, ನೆಲುವು, ದನದ ಬಾಯಿಗೆ ಹಾಕುವ ಚಿಕ್ಕ (ಬಾಯಿಕುಕ್ಕೆ), ಇವಕ್ಕೆ ಪುಂಡಿ ಚೆನ್ನ. ನೈಲಾನಿನಂತೆ ಕೊರಳು ಕೊಯ್ಯುವುದಿಲ್ಲ, ಗಂಟು ಜಾರುವುದಿಲ್ಲ. ಕಾರ ಹುಣ್ಣಿಮೆಗೆ ಎತ್ತಿಗೆ ಹೊಸ ಹಗ್ಗ ಹಾಕುವವರು ಒಂದು ಜೋಡಿಯಾದರೂ ಪುಂಡಿಯದ್ದು ಹಾಕಿ ನೋಡಲಿ, ಎತ್ತಿನ ಕೊರಳ ಕೂದಲು ಉದುರದೆ ಉಳಿಯುವುದು ಮುಂದಿನ ಹುಣ್ಣಿಮೆಯೊಳಗೆ ಕಾಣುತ್ತದೆ. ಮೂಗುದಾರಕ್ಕೆ ಮಾತ್ರ ಎಳೆ ಕೋಲಿನ, ಎರಡು ಸಲ ಬಾಚಿದ ನಾರೇ ಬೇಕು, ಹರಳೆಣ್ಣೆ ಸವರಿ ಮೆತ್ತಗೆ ಮಾಡಬೇಕು. ಒಂದು ಮುಳ್ಳಿನ ಚೂರು ಉಳಿದರೂ ಮೂಗು ಹುಣ್ಣಾಗುತ್ತದೆ. ಬಾವಿಯ ಹಗ್ಗಕ್ಕೆ ಪುಂಡಿ ಬೇಡ. ದಿನಾ ನೀರು ಕಂಡರೆ ಕೊಳೆಯುತ್ತದೆ, ಅಲ್ಲಿ ಸಣಬು ಹೆಚ್ಚು ಬಾಳುತ್ತದೆ. ಕೊಟ್ಟಿಗೆಯಲ್ಲಿ ದನದ ಗಂಜಲ ತಾಗುವ ತುದಿಯೇ ಮೊದಲು ಹೋಗುವುದರಿಂದ ತಿಂಗಳಿಗೊಮ್ಮೆ ತುದಿ ಬದಲಿಸಿ ಕಟ್ಟಿ. ಮಳೆಯಲ್ಲಿ ನೆಂದ ಹಗ್ಗವನ್ನು ಸುರುಳಿ ಸುತ್ತಿ ಮೂಲೆಗೆ ಹಾಕದೆ ಉದ್ದಕ್ಕೆ ಜೋತುಹಾಕಿ ಒಣಗಿಸಿ.

ಬೀಜಕ್ಕೆ ಬಿಟ್ಟ ಹತ್ತು ಗಿಡಗಳ ಕಾಯಿ ಡಿಸೆಂಬರಿನಲ್ಲಿ ಕಂದಾಗುತ್ತವೆ. ಕಾಯಿಯ ಮೇಲಿನ ಸಣ್ಣ ರೋಮ ಚರ್ಮಕ್ಕೆ ನಾಟಿ ತುರಿಸುತ್ತದೆ, ಮುಖಕ್ಕೆ ಬಟ್ಟೆ ಕಟ್ಟಿ, ಗಾಳಿಗೆ ಬೆನ್ನು ಹಾಕಿ ಬಡಿಯಿರಿ. ಬೂದು ಬಣ್ಣದ ಮೂಲೆಮೂಲೆಯ ಬೀಜ ಎರಡು ದಿನ ಬಿಸಿಲು ಕಂಡ ಮೇಲೆ ಬೂದಿ ಬೆರೆಸಿ ಗಡಿಗೆಗೆ ತುಂಬಿ ಬಾಯಿ ಕಟ್ಟಿ. ತೇವ ಹತ್ತಿದರೆ ಬೇಗ ಸತ್ವ ಕಳೆದುಕೊಳ್ಳುತ್ತದೆ, ಮುಂದಿನ ಮಿರಗಕ್ಕೇ ಬಿತ್ತಿಬಿಡುವುದು ಒಳ್ಳೆಯದು.